ಕತ್ತರಿಯ ತಿಂಗಳುಗಳು

ಮಾರ್ಚಿನ ಮೂರನೆಯ ವಾರ. ಹೊರಗೆ
ತಾರ್ತುವಿನ ನದಿ ಇನ್ನೂ ಹಲ್ಲು ಕಚ್ಚಿಕೊಂಡಿತ್ತು.
ಒಳಗೆ, ದಕ್ಷಿಣದ ಕಿಟಕಿಯಲ್ಲಿ,
ಕೆಫೀರಿನ ಹದಿನೇಳು ಖಾಲಿ ಡಬ್ಬಿ,
ಬುಡಕ್ಕೆ ಮೊಳೆಯಿಂದ ತೂತು,
ಮೈಮೇಲೆ ಅಕ್ಕ ಮೈಮುವಿನ ಪೆನ್ಸಿಲ್ ಅಕ್ಷರ.

ನಮ್ಮ ಪೇಟೆಗೆ ಸೂಪಿನೂರು ಅಂತಲೇ ಹೆಸರು.
ಬಟಾಣಿ ಬೀದಿ, ಆಲೂಗಡ್ಡೆ ಬೀದಿ, ಅವರೆ ಬೀದಿ.
ತಿನ್ನುವುದಕ್ಕೆಲ್ಲ ಬೀದಿಯುಂಟು,
ಹೂವಿಗೆ ಮಾತ್ರ ಇಲ್ಲ ಎಂದು ಅಕ್ಕನ ಕೋಪ.

ಬೀಜ ನೋಡಬೇಕು ನೀವು.
ಕಾಸ್ಮಾಸಿನದು ಕತ್ತರಿಸಿ ಎಸೆದ ಉಗುರು.
ಕ್ಯಾಲೆಂಡುಲಾ ಮುರುಟಿಕೊಂಡ ಹುಳು.
ಸಿಹಿಬಟಾಣಿ ಗುಂಡಗೆ, ಕಪ್ಪಗೆ, ಹಠಮಾರಿ:
ಅರದಿಂದ ಸಿಪ್ಪೆ ಗೀರಿ ರಾತ್ರಿಯಿಡೀ ನೆನೆಸಿಟ್ಟರೂ
ಬೇಕಾದರೆ ಉಬ್ಬುತ್ತದೆ, ಬೇಡವಾದರೆ ಇಲ್ಲ.
ಸಿಂಹದವಡೆ ಎನ್ನುತ್ತೇವಲ್ಲ, ಆ ಹೂವಿನ ಬೀಜ
ಬರೀ ಧೂಳು. ಮಣ್ಣು ಮುಚ್ಚಬಾರದು, ಬೆಳಕು ಬೇಕು ಅದಕ್ಕೆ,
ಉಸಿರು ಬಿಗಿಹಿಡಿದು ಉದುರಿಸಬೇಕು.
ನಾನು ಸೀನಿದೆ.
ಅಕ್ಕ ಮೂರು ದಿನ ಮಾತು ಬಿಟ್ಟಳು.

ಏಪ್ರಿಲಿನಲ್ಲಿ ಸಸಿ ಆರೆಲೆ ಬಿಡುತ್ತಲೇ
ಸಾಲಾಗಿ ತುದಿ ಚಿವುಟುತ್ತಾ ಹೋದಳು,
ಚಿವುಟಿದ ಕೈಯಿಂದಲೇ ನೀರು ಹನಿಸಿದಳು.
ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವುದು
ಅಂದರೆ ಇದೇ ಇರಬೇಕು.
"ಕವಲೊಡೆಯಲಿ, ಲೆಯ್ದಾ.
ಒಂಟಿ ಕಾಂಡ ಎತ್ತರಕ್ಕೆ ಹೋಗಿ ಏನು ಮಾಡುತ್ತೆ?"
ಮದುವೆಯಾಗದ ನನ್ನನ್ನು ನೋಡಿಯೇ ಅಂದಳೋ,
ಕೇಳಲಿಲ್ಲ.

ಮೇ ತಿಂಗಳೆಲ್ಲ ಹೊರುವುದೇ ಕೆಲಸ:
ಬೆಳಿಗ್ಗೆ ಹದಿನೇಳು ಡಬ್ಬಿ ಮೆಟ್ಟಿಲಿಳಿಸಿ,
ಸಂಜೆ ಹದಿನೇಳು ಡಬ್ಬಿ ಮೆಟ್ಟಿಲೇರಿಸಿ.
ಎದುರುಮನೆಯ ಎಂಡೆಲ್ ಕೇಳಿದ:
"ಇವು ನಿಮ್ಮನ್ನು ಸಾಕುತ್ತಿವೆಯೋ, ನೀವು ಇವನ್ನೋ?"
ಜೂನ್ ಎರಡಕ್ಕೆ ಮಣ್ಣಿಗಿಳಿದವು.
ಮೂರರ ರಾತ್ರಿ ಇಬ್ಬನಿ ಗಾಜಾಗತೊಡಗಿತು.
ಹಳೆಯ ಪರದೆ, ಮೇಜುಬಟ್ಟೆ, ಅಕ್ಕನ ಚಳಿಗಾಲದ ಕೋಟು
ಎಲ್ಲ ಹೊದಿಸಿ ನಿಂತೆವು, ಪೂರ್ತಿ ಕತ್ತಲಾಗದ ಆ ರಾತ್ರಿ,
ನಮ್ಮದೇ ಅಂಗಳದಲ್ಲಿ, ಕಳ್ಳರ ಹಾಗೆ.

ಮೊದಲ ಕಾಸ್ಮಾಸ್ ಅರಳಿದ ವಾರವೇ
ಅಕ್ಕ ಮೆಟ್ಟಿಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಳು.
ಕತ್ತರಿ ನನ್ನ ಕೈಗೆ ಬಂತು.
ಕಿಟಕಿಯಿಂದ ಅವಳ ಕೂಗು, ಬಲಗೈ ಪ್ಲಾಸ್ಟರಿನಲ್ಲಿ:
"ಬಾಡಿದ ಮೇಲಲ್ಲ, ಬಾಡುವ ಮುಂಚೆ!
ಇನ್ನೂ ಕೆಳಗೆ! ಎಲೆಯ ಗೆಣ್ಣಿಗೆ!"

ಗಿಡಕ್ಕೆ ಹೂವು ಬೇಕಾಗಿಲ್ಲ, ಬೀಜ ಬೇಕು.
ಬೀಜ ಕಟ್ಟಿತೋ, ಕೆಲಸ ಮುಗಿಯಿತೆಂದು ಒಣಗುತ್ತದೆ.
ಕಟ್ಟಗೊಡದೆ ಕತ್ತರಿಸುತ್ತಿದ್ದರೆ
ಮತ್ತೆ ಅರಳುತ್ತದೆ, ಮತ್ತೆ,
ತಿರಸ್ಕರಿಸಿದ ಅರ್ಜಿಯನ್ನೇ ಇನ್ನೂ ಚೆಂದಗೆ ಬರೆದು ತರುವವರ ಹಾಗೆ.
ಮೂವತ್ತೊಂದು ವರ್ಷ ಪುರಸಭೆಯ ಕೌಂಟರಿನಲ್ಲಿ ಕೂತವಳು ನಾನು,
ಅಂಥವರನ್ನು ಬಲ್ಲೆ. ಅವರ ಅಕ್ಷರ ಗುರುತಿದೆ ನನಗೆ.

ಎರಡು ದಿನ ಕತ್ತರಿ ಮುಟ್ಟಲಿಲ್ಲ.
ಮೂರನೆಯ ದಿನ ಮುಟ್ಟಿದೆ.
ಎಂಡೆಲ್‌ನ ಮೇಜಿಗೆ ಒಂದು ಹಿಡಿ,
ನಾಲ್ಕನೇ ನಂಬರ್ ಬಸ್ಸಿನ ಚಾಲಕಿಗೆ ಒಂದು ಹಿಡಿ,
ಉಳಿದದ್ದು ಅಕ್ಕನ ತಲೆದೆಸೆಗೆ, ಸೌತೆಕಾಯಿ ಜಾಡಿಯಲ್ಲಿ.
ಆಗಸ್ಟಿನಲ್ಲೂ ಮುಗಿಯಲಿಲ್ಲ ಹೂವು. ಬುಟ್ಟಿ ಹೊತ್ತು
ಬೀದಿ ಬೀದಿ ಅಲೆದೆ, ಬಟಾಣಿ, ಅವರೆ, ಆಲೂಗಡ್ಡೆ.

ಪ್ಲಾಸ್ಟರ್ ಬಿಚ್ಚಿದ ಸಣಕಲು ಕೈ ಚಾಚಿ
ಸೆಪ್ಟೆಂಬರಿನ ಒಂದು ಸಂಜೆ ಕತ್ತರಿ ಕೇಳಿದಳು. ಕೊಟ್ಟೆ.
ಒರೆಸಿ ಡ್ರಾಯರಿಗೆ ಹಾಕಿ ಮುಚ್ಚಿದಳು.
"ಸಾಕು. ಇನ್ನು ಅವಕ್ಕೂ ವಯಸ್ಸಾಗಲಿ."

ಈಗ ಒಲೆಯ ಪಕ್ಕ ಹರಡಿದ ಕಾಯಿ
ಪಟ್ಟೆಂದು ಸಿಡಿದು ಬೆಕ್ಕು ಹಾರಿಬೀಳುತ್ತದೆ.
ಕರೆಂಟ್ ಬಿಲ್ಲಿನ ಲಕೋಟೆಗೆ ಅಕ್ಕ ತುಂಬುತ್ತಾಳೆ,
ಹೆಸರು ನಾನು ಬರೆಯುತ್ತೇನೆ.
ಇದು ಯಾವುದು ಎಂದು ಒಂದನ್ನು ಹಿಡಿದರೆ
ಮೂಸಿದಳು, ದೀಪದಡಿ ತಿರುಗಿಸಿದಳು:
"ಗೊತ್ತಿಲ್ಲ. ಬಿತ್ತಿದರೆ ಗೊತ್ತಾದೀತು."
ಹಾಗೆಯೇ ಬರೆದೆ ಲಕೋಟೆಯ ಮೇಲೆ,
ನನ್ನ ಕೌಂಟರಿನ ದುಂಡು ಅಕ್ಷರದಲ್ಲಿ.