ಕೆಂದಿಯ ಚೀಲ

ಗೋಬಿಯ ಅಂಚು. ಹೊರಗೆ ಮೈನಸ್ ಮೂವತ್ತು.
ಒಲೆ ಹಚ್ಚದ ಉಣ್ಣೆಗುಡಾರದಲ್ಲಿ
ಗಳುವಿನಿಂದ ಗಳುವಿಗೆ ಹಗ್ಗ,
ಹಗ್ಗದ ತುಂಬ ಕೆಂಪು ಖಂಡ:
ಬೆರಳು ದಪ್ಪ, ಮೊಳದುದ್ದ.

‘ಒಂದಕ್ಕೊಂದು ತಾಕಿಸಬೇಡ,
ತಾಕಿದಲ್ಲೇ ಕೊಳೆ’ ಎನ್ನುತ್ತಾಳೆ ಅತ್ತೆ ದುಲ್ಮಾ.
ಉಪ್ಪಿಲ್ಲ, ಹೊಗೆಯಿಲ್ಲ.
ಚಳಿ ಬಿಗಿಹಿಡಿದದ್ದನ್ನು ಗಾಳಿ ಹೀರುತ್ತದೆ, ವಸಂತದವರೆಗೆ.
ಕೊಬ್ಬಿನ ಎಳೆ ಕಂಡರೆ ಸಾಕು, ಕತ್ತಿ:
‘ಮೊದಲು ಮುಗ್ಗುವುದು ಇದೇ. ತೆಗಿ.’

ಮದುವೆಯಾಗಿ ಬಂದ ವರ್ಷ ಜಾಣತನ ಮಾಡಿದ್ದೆ.
ಪೇಟೆಯ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ
ಬಾಯಿ ಬಿಗಿದು ಪೆಟ್ಟಿಗೆಯ ತಳಕ್ಕಿಟ್ಟೆ;
ನಡುವೆ ಇನ್ನೂ ಹಸಿಯಿತ್ತು.
ಏಪ್ರಿಲ್‌ನಲ್ಲಿ ಬಿಚ್ಚಿದರೆ ಹಸಿರು ಬೂಷ್ಟು.
ನಾಯಿ ಮೂಸಿತು, ನನ್ನ ಮುಖ ನೋಡಿತು, ದೂರ ಹೋಯಿತು.
ಅತ್ತೆ ಒಂದು ಮಾತಾಡಲಿಲ್ಲ.
ಆ ಬೇಸಿಗೆಯಿಡೀ ತನ್ನ ಬಟ್ಟಲಿಗೆ
ಬರೀ ತಿಳಿ ಬಡಿಸಿಕೊಂಡಳು.

ಈಗ ಕಿವಿಯಲ್ಲಿ ನೋಡಲು ಬರುತ್ತದೆ ನನಗೆ.
ಮುರಿದರೆ ಚಟ್ ಎನ್ನಬೇಕು, ಸೌದೆಪುಳ್ಳೆಯ ಹಾಗೆ;
ಬಾಗಿತೋ, ಮತ್ತೆ ಹಗ್ಗಕ್ಕೆ.
ಕಲ್ಲಲ್ಲಿ ಕುಟ್ಟಿ, ನಾರು ನಾರಾಗಿ ಬಿಡಿಸಿ
ಉಸಿರಾಡುವ ಬಟ್ಟೆಯ ಚೀಲಕ್ಕೆ.
ಒದೆಯದೆ ಒಂದು ದಿನವೂ ಹಾಲು ಕೊಡದ ಕೆಂದಿ
ಇಡಿಯಾಗಿ ನನ್ನ ಕಂಕುಳಲ್ಲಿದೆ,
ಮಗುವಿಗಿಂತ ಹಗುರ.

ನಾಳೆ ಓಚಿರ್ ಹಿಂಡಿನ ಹಿಂದೆ ಹೊರಡುತ್ತಾನೆ,
ಹನ್ನೊಂದು ಹಗಲ ದಾರಿ.
ಒಂದು ಹಿಡಿ ಒಣಬಾಡು, ಒಂದು ಬೋಗುಣಿ ಕುದಿನೀರು,
ಹೊಟ್ಟೆಗೆ ಅಷ್ಟು ಸಾಕು.

ಅತ್ತೆ ಚೀಲ ಕೈಗೆತ್ತಿಕೊಂಡಳು,
ಮೂಗಿಗೆ ಹಿಡಿದಳು,
ಕಿವಿಯ ಬಳಿ ಅಲ್ಲಾಡಿಸಿದಳು:
ಒಣಗಿದೆಲೆಯ ಸದ್ದು.
‘ಹೂಂ’ ಅಂದಳು.

ಒಂಬತ್ತು ಚಳಿಗಾಲ ಕಾದಿದ್ದೆ
ಆ ಒಂದು ಹೂಂಗೆ.