ನಡಾವಳಿಯಲ್ಲಿ ಬರೆಯದ್ದು

ಬಿಸ್ಮಾರ್ಕಿನ ಶಾಸನಸಭೆಯಲ್ಲಿ ಆರು ಅಧಿವೇಶನ
ನಡಾವಳಿ ಬರೆದ ಗುಮಾಸ್ತ ನಾನು.
ಆಡಿದ್ದನ್ನು ಬರೆಯುವುದು, ಕೆಮ್ಮಿದ್ದನ್ನು ಬಿಡುವುದು,
ಇಷ್ಟೇ ಕೆಲಸ.

ಎಂಡ್ರೆ ಟ್ವೈಟನ್, ಉತ್ತರದ ಗೋಧಿ ಸೀಮೆಯಿಂದ ಆರಿಸಿ ಬಂದವನು,
ಮೊದಲ ನಲವತ್ತು ದಿನ ಏನೂ ಆಡಲಿಲ್ಲ.
ಹಿಂದಿನ ಸಾಲಿನಲ್ಲಿ, ಒಲೆಯಿಂದ ದೂರ,
ಮೊಣಕಾಲ ಮೇಲೆ ಕೈಯಿಟ್ಟು ಕೂತಿರುತ್ತಿದ್ದ,
ಹಲ್ಲು ಕೀಳುವವನ ಬಾಗಿಲಲ್ಲಿ ಕೂತವರ ಹಾಗೆ.
ಎಡಗೈಯ ಎರಡು ಬೆರಳು
ಕಟಾವಿನ ಯಂತ್ರಕ್ಕೆ ಕೊಟ್ಟಾಗಿತ್ತು.
ಉಳಿದ ಎಂಟರಲ್ಲಿ ಎಣಿಸಿ ಮತ ಹಾಕುತ್ತಾನೆಂದು
ವಕೀಲ ಸದಸ್ಯರು ನಗುತ್ತಿದ್ದರು.

ಮಿಸೆಸ್ ಲಾಫ್ಟನ್ನಳ ಊಟದ ಮನೆಯಲ್ಲಿ
ನಮ್ಮಿಬ್ಬರಿಗೂ ಒಂದೇ ಕೋಣೆ, ನಡುವೆ ಹಳೇ ಹೊದಿಕೆಯ ಪರದೆ.
ಬೆಳಗಿನ ನಾಲ್ಕಕ್ಕೆ ಅವನ ಕೈಗಳಿಗೆ ಎಚ್ಚರ.
ಕತ್ತಲಲ್ಲಿ ಕಂಬಳಿಯ ಅಂಚು ಹಿಡಿದು
ಎಳೆದು ಬಿಟ್ಟು, ಎಳೆದು ಬಿಟ್ಟು,
ಇನ್ನೂರು ಮೈಲಿಯಾಚೆಯ ಹಸುಗಳನ್ನು ಕರೆಯುತ್ತಿದ್ದವು.

ಒಂದು ರಾತ್ರಿ ಪರದೆಯಾಚೆಯಿಂದ ಹೇಳಿದ:
ಹಾರ್ಡಾಂಗರಿನ ನಮ್ಮ ಹೊಲ ಎಷ್ಟು ಕಡಿದೆಂದರೆ
ಕಿತ್ತ ಆಲೂಗಡ್ಡೆ ಉರುಳಿ ಕಡಲಿಗೆ ಬೀಳುತ್ತಿತ್ತು.
ಇಲ್ಲಿ ಮೊದಲ ವರ್ಷ
ಒರಗಲು ಒಂದು ಗುಡ್ಡವಿಲ್ಲದೆ ಬೆನ್ನು ನೋವು.
ಹುಲ್ಲುಬೇರಿನ ಹೆಂಟೆ ಕಡಿದು ಗೋಡೆ ಕಟ್ಟಿದೆವು.
ಹೊರಗೆ ಮಳೆ ನಿಂತ ಮೇಲೂ ಒಳಗೆ ಎರಡು ದಿನ ಮಳೆ.
ಗುನ್ವೋರ್ ಕೊಡೆ ಹಿಡಿದು ನಿಂತಳು ಹಿಟ್ಟಿನ ಪೀಪಾಯಿಗೆ,
ನನಗಲ್ಲ.
ಅಷ್ಟು ಹೇಳಿ ಗೊರಕೆ ಹೊಡೆದ.

ಅವನ ಇಂಗ್ಲಿಷು ಶಾಲೆಯದಲ್ಲ,
ಆ ಯಂತ್ರದ ಜೊತೆ ಬಂದ ಕೈಪಿಡಿಯನ್ನು
ಮೂರು ಚಳಿಗಾಲ ಓದಿ ಕಲಿತದ್ದು.
ಹಾಗಾಗಿ ನಲವತ್ತೊಂದನೇ ದಿನ
ಗೋಧಿ ಉಗ್ರಾಣಗಳ ತಕ್ಕಡಿ ತಪಾಸಣೆಯ ಮಸೂದೆ ಬಂದಾಗ
ಎದ್ದು ನಿಂತು,
"ಸಭಾಧ್ಯಕ್ಷರೇ, ಇದರ ಮೂರನೇ ತಿರುಪು ಸಡಿಲ.
ಓಡಿಸುವ ಮುನ್ನ ಬಿಗಿ ಮಾಡಿ.
ಇಲ್ಲದಿದ್ದರೆ ಬೆರಳು ಹೋಗುತ್ತದೆ" ಎಂದ.
ಎಡಗೈ ಎತ್ತಿ ತೋರಿಸಿದ.
ಸಭೆ ನಕ್ಕಿತು. ನಗು ಮುಗಿಯುವ ತನಕ ಕಾದ,
ಆಲಿಕಲ್ಲು ನಿಲ್ಲಲೆಂದು ಕೊಟ್ಟಿಗೆಯ ಬಾಗಿಲಲ್ಲಿ ಕಾದಂತೆ.
"ಒಂದೇ ಮೂಟೆ. ಮೂರು ಉಗ್ರಾಣಕ್ಕೆ ಒಯ್ದೆ. ಮೂರು ತೂಕ ಬಂತು.
ದಾರಿಯಲ್ಲಿ ಗೋಧಿ ಉಪವಾಸ ಮಾಡಿತೇ?"

ಎರಡು ಮತಗಳಿಂದ ಸೋತಿತು ಮಸೂದೆ.

ರೈಲು ಕಂಪನಿ ಎಲ್ಲ ಸದಸ್ಯರಿಗೂ ಪುಕ್ಕಟೆ ಪಾಸು ಕೊಟ್ಟಿತ್ತು.
ಆತ ಬೈಬಲ್ಲಿನೊಳಗಿಟ್ಟು ಮರೆತಿದ್ದ, ಅಥವಾ ಮರೆತಂತಿದ್ದ.
ಅದೇ ವಾರ ತಂತಿ: ಗುನ್ವೋರಳಿಗೆ ನ್ಯುಮೋನಿಯಾ.
ಜೇಬಿನಲ್ಲಿ ಅರವತ್ತು ಸೆಂಟು. ಪಾಸು ತೋರಿಸಿ ಹೋದ.
ಮರಳಿದಾಗ ತೋಳಿನಲ್ಲಿ ಕಪ್ಪು ಪಟ್ಟಿಯಿರಲಿಲ್ಲ,
ನಾನು ಕೇಳಲಿಲ್ಲ, ಆತ ಹೇಳಲಿಲ್ಲ.
ಮರುದಿನ ರೈಲು ದರದ ಪ್ರಶ್ನೆಯಲ್ಲಿ ಕಂಪನಿಯ ವಿರುದ್ಧವೇ ಕೈಯೆತ್ತಿ
ಸಂಜೆ ನನ್ನಿಂದ ಸಾಲ ಪಡೆದು
ಟಿಕೆಟ್ಟಿನ ಹಣ ಅಂಚೆಗೆ ಹಾಕಿದ, ಆರು ಡಾಲರ್ ನಲವತ್ತು.
ರಸೀದಿ ಬಂತು, ಹೆಸರು ತಪ್ಪಾಗಿ.
ನನ್ನ ಆರು ಡಾಲರು ಮರಳಿದ್ದು ಶರತ್ಕಾಲದಲ್ಲಿ,
ಹೊಗೆ ಹಾಕಿದ ಹಂದಿಯ ತೊಡೆಯಾಗಿ.

ಎರಡು ವರ್ಷದ ಮೇಲೆ ಮಸೂದೆ ಗೆದ್ದಿತು,
ಹಲ್ಲೆಲ್ಲ ಕಿತ್ತ ಮೇಲೆ.
ತಪಾಸಣೆಗೆ ಬಂದವನು ಉಗ್ರಾಣದ ಮಾಲೀಕನ ಸೋದರಳಿಯ.
ಟ್ವೈಟನ್ ಮತ್ತೆ ಚುನಾವಣೆಗೆ ನಿಲ್ಲಲಿಲ್ಲ.
ಬಿತ್ತನೆಗೆ ತಡವಾಗುತ್ತದೆ ಎಂದನಂತೆ.

ಈಗ ಅಚ್ಚಾದ ಸಂಪುಟ ತೆರೆದು ನೋಡುತ್ತೇನೆ:
"ಮಾನ್ಯ ಟ್ವೈಟನ್ ಅವರು ಮಸೂದೆಯ ಮೂರನೇ ಕಲಮಿನ
ಅಸ್ಪಷ್ಟತೆಯತ್ತ ಸಭೆಯ ಗಮನ ಸೆಳೆದರು."
ನನ್ನದೇ ವಾಕ್ಯ. ಉಪಕಾರವೆಂದೇ ತಿದ್ದಿದ್ದೆ,
ನಾಳೆ ಓದುವವರು ನಗಬಾರದೆಂದು.
ತಿರುಪಿಲ್ಲ, ಬೆರಳಿಲ್ಲ, ಉಪವಾಸ ಬಿದ್ದ ಗೋಧಿಯಿಲ್ಲ.
ಅವನ ಮೂಟೆ ತೂಗಿದ ನಾಲ್ಕನೆಯ ಉಗ್ರಾಣ ನಾನು.

ಕನ್ನಡಕ ಒರೆಸಿಕೊಂಡು, ಪೆನ್ಸಿಲ್ ಮೊನೆ ಮಾಡಿಕೊಂಡು
ಪುಟದ ಅಂಚಿನಲ್ಲಿ, ಯಾರೂ ಓದದ ಜಾಗದಲ್ಲಿ ಬರೆಯುತ್ತೇನೆ:
ಸಡಿಲ. ಬಿಗಿ ಮಾಡಿ.