ಕೊನೆಯ ತೊಟ್ಟಿ

ಪಡುಬೈಲಿನ ತಗ್ಗಿನಲ್ಲಿ, ಊರು ಮುಗಿಯುವಲ್ಲಿ
ಮೂರು ತೊಟ್ಟಿ, ಒಂದು ಪಂಪು, ಕಾಬಾಳೆಯ ಹಾಸು.
ಬೀಗದ ಕೈ ಅಪ್ಪಿ ಪೂಜಾರ್ತಿಯ ಸೆರಗಿನಲ್ಲಿ.

ಮೊದಲ ತೊಟ್ಟಿಗೆ ಬಗ್ಗಿದರೆ ಸಾಕು, ಅವಳಿಗೆ ಗೊತ್ತು:
ಯಾರಲ್ಲಿ ನಿನ್ನೆ ಎಣ್ಣೆಸ್ನಾನ, ಯಾರಲ್ಲಿ ಬಾಣಂತಿ,
ಯಾವ ಮದ್ದು ಗಂಟಲಿಗಿಳಿಯದೆ ಬಚ್ಚಲಿಗಿಳಿಯಿತು.
ಹೇಳುವುದಿಲ್ಲ.
ಮೂಗಿಗೂ ಒಂದು ಮರ್ಯಾದೆ ಉಂಟು ಮಾರಾಯ್ರೆ, ಎನ್ನುತ್ತಾಳೆ.

ಜಲ್ಲಿಯ ಸಂದಿಯಲ್ಲಿ ಬೇರು ನಿಧಾನ ತಿನ್ನುತ್ತದೆ,
ಮೇಲೆ ಕೆಂಪು ಹೂ, ಏನೂ ಆಗದ ಹಾಗೆ.
ದೇವರಿಗೆ ಆಗದು ಈ ಹೂ, ಎಂದರು ಮೊದಲ ವರ್ಷ.
ಜೇನು ಕೇಳಲಿಲ್ಲ.

ಸಂಜೆ ಕೊನೆಯ ತೊಟ್ಟಿಯ ನೀರು ಬಾಟಲಿಗೆ ತುಂಬಿ
ಪೇಪರಿನ ಮುಂದೆ ಹಿಡಿಯುತ್ತಾಳೆ.
ಆಚೆಯ ಅಕ್ಷರ ಕಂಡರೆ ಬಿಡಬಹುದು ಸ್ವರ್ಣೆಗೆ.
ಎರಡನೇ ಕ್ಲಾಸಿನ ಓದು; ಒಂದೊಂದೇ ಕೂಡಿಸಿ
ಇಂದು ಕಂಡದ್ದು:
ಮಂಜಯ್ಯ ಹೆಗ್ಡೆ, ಎಂಬತ್ತೊಂದು, ನಿಧನ.

ಇದೇ ತೊಟ್ಟಿ ಬೇಡವೆಂದು ಜೆಸಿಬಿಗೆ ಅಡ್ಡ ಮಲಗಿದವರು.
ನಾಲ್ಕು ಮಳೆಗಾಲ ಅವರ ಮನೆಯ ನೀರೂ ಇಲ್ಲಿಗೇ ಬಂತು.
ಮೂರು ವಾರದ ಆ ಡೆಟ್ಟಾಲಿನ ವಾಸನೆ
ಈಗ ಕೂಡಿತು.

ಬಾಟಲಿಯನ್ನು ಇನ್ನೊಮ್ಮೆ ಬೆಳಕಿಗೆ ಎತ್ತಿದಳು.
ಫೋಟೋದ ಮೀಸೆಯೂ ಸ್ಪಷ್ಟ.

ವಾಲ್ವು ತಿರುಗಿಸಿದಳು.
ಹೊಳೆಯಲ್ಲಿ ಭರತದ ಹೊತ್ತು;
ಸ್ವಲ್ಪ ಹೋಯಿತು, ಸ್ವಲ್ಪ
ಪೈಪಿನ ಬಾಯಲ್ಲೇ ನಿಂತು ತಿರುಗುತ್ತಿತ್ತು.